ಪ್ಯಾಟ್ರಿಕ್ ಗೆಡ್ಡೆಸ್

ಸರ್ ಪ್ಯಾಟ್ರಿಕ್ ಗೆಡ್ಡೆಸ್ (2 ಅಕ್ಟೋಬರ್ 1854 – 17 ಏಪ್ರಿಲ್ 1932) ಸ್ಕಾಟ್ಲೆಂಡಿನ ಜೀವವಿಜ್ಞಾನಿ, ಸಮಾಜಶಾಸ್ತ್ರಜ್ಞ ಹಾಗೂ ಆಧುನಿಕ ನಗರ ಯೋಜನೆಯ ಪ್ರವರ್ತಕರಲ್ಲಿ ಒಬ್ಬರು. ಶಿಥಿಲಗೊಂಡ ಹಳೆಯ ಪೇಟೆಗಳನ್ನು ನೆಲಸಮ ಮಾಡದೆ, ಅಲ್ಲಿನ ನಿವಾಸಿಗಳನ್ನು ಒಕ್ಕಲೆಬ್ಬಿಸದೆ, ಅಗತ್ಯವಿರುವಷ್ಟನ್ನು ಮಾತ್ರ ಬದಲಾಯಿಸಿ ಬೀದಿಗಳನ್ನು ಸುರಕ್ಷಿತವೂ ಆರೋಗ್ಯಕರವೂ ಆಗಿಸಬಹುದೆಂಬುದನ್ನು ಇವರು ಎಡಿನ್‌ಬರೋ ನಗರದಲ್ಲಿ ಸ್ವತಃ ಮಾಡಿ ತೋರಿಸಿದರು. ಈ ವಿಧಾನಕ್ಕೆ ಇವರು ‘ಸಂರಕ್ಷಣಾತ್ಮಕ ಶಸ್ತ್ರಚಿಕಿತ್ಸೆ’ ಎಂಬ ಹೆಸರನ್ನು ನೀಡಿದರು. 1914ರಿಂದ ಸುಮಾರು ಒಂದು ದಶಕ ಕಾಲ ಭಾರತದಲ್ಲಿ ಕೆಲಸ ಮಾಡಿದ ಇವರು ಅನೇಕ ನಗರಗಳಿಗೆ ಯೋಜನಾ ವರದಿಗಳನ್ನು ಸಿದ್ಧಪಡಿಸಿದರು. ಮುಂಬಯಿ ವಿಶ್ವವಿದ್ಯಾಲಯದ ಸಮಾಜಶಾಸ್ತ್ರ ವಿಭಾಗದ ಮೊದಲ ಪ್ರಾಧ್ಯಾಪಕರೂ ಇವರೇ.

ಜನನ ಮತ್ತು ವಿದ್ಯಾಭ್ಯಾಸ

ಗೆಡ್ಡೆಸ್ ಅವರು ಸ್ಕಾಟ್ಲೆಂಡಿನ ಅಬರ್ಡೀನ್‌ಶೈರಿನ ಬ್ಯಾಲಟರ್ ಎಂಬ ಊರಿನಲ್ಲಿ ಜನಿಸಿದರು. ತಂದೆ ಅಲೆಕ್ಸಾಂಡರ್ ಗೆಡ್ಡೆಸ್ ಸೈನ್ಯದಲ್ಲಿದ್ದವರು. ತಾಯಿ ಜಾನೆಟ್ ಸ್ಟೀವನ್‌ಸನ್. ಮಕ್ಕಳಲ್ಲಿ ಕಿರಿಯರಾದ ಪ್ಯಾಟ್ರಿಕ್ ಪರ್ತ್ ನಗರದ ಹೊರವಲಯದ ಬೆಟ್ಟದ ಬದಿಯ ಮನೆಯೊಂದರಲ್ಲಿ ಬೆಳೆದರು. ತಂದೆಯೊಡನೆ ತೋಟದಲ್ಲಿ ಮಾಡಿದ ಕೆಲಸ, ಬೆಟ್ಟದ ಮೇಲಿನಿಂದ ಕಾಣುತ್ತಿದ್ದ ನದಿ, ಹೊಲ ಮತ್ತು ಪಟ್ಟಣದ ನೋಟ ಇವರ ಮುಂದಿನ ಚಿಂತನೆಯ ಮೇಲೆ ಪ್ರಭಾವ ಬೀರಿದವು.

ಕೆಲಕಾಲ ಬ್ಯಾಂಕಿನಲ್ಲಿ ದುಡಿದ ಬಳಿಕ ಸಸ್ಯಶಾಸ್ತ್ರದ ಅಧ್ಯಯನಕ್ಕಾಗಿ ಎಡಿನ್‌ಬರೋ ವಿಶ್ವವಿದ್ಯಾಲಯವನ್ನು ಸೇರಿದರೂ ಅಲ್ಲಿನ ಬೋಧನಾಕ್ರಮ ಹಿಡಿಸದೆ ಒಂದೇ ವಾರದಲ್ಲಿ ಹೊರಬಂದರು. 1874ರಲ್ಲಿ ಲಂಡನ್ನಿಗೆ ತೆರಳಿ ಪ್ರಸಿದ್ಧ ಜೀವವಿಜ್ಞಾನಿ ಟಿ. ಎಚ್. ಹಕ್ಸ್‌ಲಿ ಅವರ ಶಿಷ್ಯರಾದರು. ನಂತರ ಫ್ರಾನ್ಸಿನಲ್ಲಿ ಅಧ್ಯಯನ ಮಾಡುತ್ತಿದ್ದಾಗ ಸಮಾಜಶಾಸ್ತ್ರಜ್ಞ ಫ್ರೆಡರಿಕ್ ಲ ಪ್ಲೇ ಅವರ ವಿಚಾರಗಳ ಪರಿಚಯವಾಯಿತು. ಸ್ಥಳ, ಕಸುಬು ಮತ್ತು ಜನ ಎಂಬ ಮೂರನ್ನು ಒಟ್ಟಾಗಿ ನೋಡದೆ ಯಾವ ಸಮಾಜವೂ ಅರ್ಥವಾಗದು ಎಂಬ ಗೆಡ್ಡೆಸ್ ಅವರ ಸೂತ್ರ ಇಲ್ಲಿಂದ ಬೆಳೆಯಿತು.

1879ರಲ್ಲಿ ಸಂಶೋಧನೆಗೆಂದು ಮೆಕ್ಸಿಕೊಗೆ ಹೋದಾಗ ಇವರ ದೃಷ್ಟಿಗೆ ತೀವ್ರ ತೊಂದರೆಯಾಗಿ, ಕತ್ತಲೆ ಕೋಣೆಯಲ್ಲಿ ದಿನಗಳನ್ನು ಕಳೆಯಬೇಕಾಯಿತು. ಆಗ ಕಾಗದವನ್ನು ಮಡಿಸಿ ಮೂಡಿದ ಚೌಕಗಳನ್ನು ಬೆರಳಿನಿಂದ ಮುಟ್ಟುತ್ತ, ಒಂದೊಂದು ಚೌಕಕ್ಕೆ ಒಂದೊಂದು ವಿಚಾರವನ್ನು ಜೋಡಿಸುವ ಕ್ರಮವನ್ನು ರೂಢಿಸಿಕೊಂಡರು. ದೃಷ್ಟಿ ಮರಳಿದರೂ ಸೂಕ್ಷ್ಮದರ್ಶಕದ ಕೆಲಸ ಕಷ್ಟವಾದ ಕಾರಣ ಇವರ ಗಮನ ಕ್ರಮೇಣ ಸಮಾಜ ಮತ್ತು ನಗರಗಳತ್ತ ಹೊರಳಿತು. 1888ರಿಂದ 1919ರವರೆಗೆ ಡಂಡೀ ವಿಶ್ವವಿದ್ಯಾಲಯ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ವರ್ಷದಲ್ಲಿ ಒಂದು ಅವಧಿಗಷ್ಟೇ ಪಾಠ ಮಾಡಬೇಕಿದ್ದುದರಿಂದ ಉಳಿದ ಸಮಯವನ್ನು ನಗರ ಸುಧಾರಣೆಗೆ ಮೀಸಲಿಡಲು ಸಾಧ್ಯವಾಯಿತು.

ಎಡಿನ್‌ಬರೋ ಹಳೆಪೇಟೆಯ ಪುನರುಜ್ಜೀವನ

ಹಿನ್ನೆಲೆ

ಎಡಿನ್‌ಬರೋ ನಗರದ ಹಳೆಪೇಟೆಯು ಕೋಟೆಯಿಂದ ಇಳಿಯುವ ದಿಣ್ಣೆಯ ಮೇಲೆ ಬೆಳೆದಿದೆ. ಸ್ಥಳಾಭಾವದಿಂದ ಅಲ್ಲಿ ಹಲವು ಅಂತಸ್ತಿನ ವಠಾರಗಳು ಎದ್ದಿದ್ದು, ಅವುಗಳ ನಡುವೆ ಇಕ್ಕಟ್ಟಾದ ಓಣಿಗಳಿದ್ದವು. 1767ರಿಂದ ಆರಂಭವಾದ ಹೊಸಪೇಟೆಯ ನಿರ್ಮಾಣದ ನಂತರ ಸ್ಥಿತಿವಂತರು ಒಬ್ಬೊಬ್ಬರಾಗಿ ಅತ್ತ ತೆರಳಿದರು. ಉಳಿದ ಮನೆಗಳನ್ನು ಕೋಣೆ ಕೋಣೆಗಳಾಗಿ ವಿಂಗಡಿಸಿ ಬಡವರಿಗೆ ಬಾಡಿಗೆಗೆ ನೀಡಲಾಯಿತು. ಗಾಳಿ ಬೆಳಕಿಲ್ಲದ ಓಣಿಗಳಲ್ಲಿ ಕೊಳಚೆ, ಕುಡಿತ ಮತ್ತು ರೋಗರುಜಿನಗಳು ಹೆಚ್ಚಿದವು. 1861ರ ನವೆಂಬರಿನಲ್ಲಿ ಹೈ ಸ್ಟ್ರೀಟಿನ ಹಳೆಯ ವಠಾರವೊಂದು ರಾತ್ರಿ ವೇಳೆ ಕುಸಿದು 35 ಜನ ಮೃತಪಟ್ಟರು. ಈ ದುರಂತದ ಬಳಿಕ ನಗರಾಡಳಿತವು ಎಚ್ಚೆತ್ತು, 1867ರ ಸುಧಾರಣಾ ಕಾಯಿದೆಯ ಅನ್ವಯ ಹಲವು ಕಟ್ಟಡಗಳನ್ನು ಕೆಡವಿ ಹೊಸ ರಸ್ತೆಗಳನ್ನು ಕೊರೆಯಿತು. ಆದರೆ ಮನೆ ಕಳೆದುಕೊಂಡವರು ಪಕ್ಕದ ವಠಾರಗಳಿಗೆ ನುಗ್ಗಿದ್ದರಿಂದ ಅಲ್ಲಿನ ಜನದಟ್ಟಣೆ ಇನ್ನಷ್ಟು ಹೆಚ್ಚಿತು.

ಜೇಮ್ಸ್ ಕೋರ್ಟ್

1886ರಲ್ಲಿ ಗೆಡ್ಡೆಸ್ ಅವರು ಲಿವರ್‌ಪೂಲ್ ವರ್ತಕರೊಬ್ಬರ ಮಗಳಾದ ಆನಾ ಮಾರ್ಟನ್ ಅವರನ್ನು ವಿವಾಹವಾದರು. ಬಳಿಕ ದಂಪತಿಗಳು ಹೊಸಪೇಟೆಯ ಅನುಕೂಲಕರ ಮನೆಯನ್ನು ತೊರೆದು ಹಳೆಪೇಟೆಯ ಜೇಮ್ಸ್ ಕೋರ್ಟ್ ಎಂಬ ವಠಾರದಲ್ಲಿ ನೆಲೆಸಿದರು. ಹಿಂದೊಮ್ಮೆ ತತ್ತ್ವಜ್ಞಾನಿ ಡೇವಿಡ್ ಹ್ಯೂಮ್ ವಾಸವಾಗಿದ್ದ ಈ ಅಂಗಳ ಆ ಹೊತ್ತಿಗೆ ಕೊಳೆಗೇರಿಯಾಗಿತ್ತು. ದಂಪತಿಗಳು ಮೊದಲು ತಮ್ಮ ಮನೆಯನ್ನೂ ಅಂಗಳವನ್ನೂ ಸ್ವಚ್ಛಗೊಳಿಸಿ ಸುಣ್ಣ ಬಳಿದರು, ಕಿಟಕಿಗಳಲ್ಲಿ ಹೂಗಿಡಗಳನ್ನು ಇಟ್ಟರು. ನೆರೆಹೊರೆಯವರೂ ಕ್ರಮೇಣ ಕೈಜೋಡಿಸಿದರು. ಬೀದಿಯ ಸುಧಾರಣೆ ಅಲ್ಲಿ ವಾಸಿಸುವವರಿಂದಲೇ ಆರಂಭವಾಗಬೇಕೆಂಬುದು ಇವರ ನಿಲುವಾಗಿತ್ತು.

ಮುಂದೆ ಗೆಡ್ಡೆಸ್ ಒಂದೊಂದಾಗಿ ಹಳೆಯ ಕಟ್ಟಡಗಳನ್ನು ಕೊಂಡು ದುರಸ್ತಿ ಮಾಡಿಸತೊಡಗಿದರು. ಪೂರ್ಣವಾಗಿ ಕೆಟ್ಟ ಭಾಗಗಳನ್ನು ಮಾತ್ರ ತೆಗೆಸಿ, ಇಕ್ಕಟ್ಟಿನ ಓಣಿಗಳಿಗೆ ಬೆಳಕು ಬರುವಂತೆ ಮಾಡಿ, ಉಳಿದುದನ್ನು ಭದ್ರಪಡಿಸುವುದು ಇವರ ಕ್ರಮ. 1887ರಲ್ಲಿ ವಿದ್ಯಾರ್ಥಿಗಳು ತಾವೇ ನಿರ್ವಹಿಸುವ ‘ಯೂನಿವರ್ಸಿಟಿ ಹಾಲ್’ ಎಂಬ ವಸತಿಗೃಹವನ್ನು ಆರಂಭಿಸಿದರು. 1890ರ ದಶಕದಲ್ಲಿ ಕೋಟೆಯ ಸಮೀಪ ‘ರಾಮ್ಸೆ ಗಾರ್ಡನ್’ ಎಂಬ ಮನೆಗಳ ಸಮುಚ್ಚಯ ನಿರ್ಮಾಣವಾಯಿತು. ವಿದ್ಯಾರ್ಥಿಗಳು, ಅಧ್ಯಾಪಕರು ಮತ್ತು ಕಾರ್ಮಿಕರು ಒಂದೇ ಪೇಟೆಯಲ್ಲಿ ಬಾಳುವಂತಾದರೆ ಆ ಪೇಟೆ ಮತ್ತೆ ಜೀವ ತಳೆಯುತ್ತದೆ ಎಂಬುದು ಈ ಕಾರ್ಯಗಳ ಹಿಂದಿನ ಆಶಯ. ಇದಕ್ಕೆಲ್ಲ ಪತ್ನಿಯ ಪಿತ್ರಾರ್ಜಿತ ಹಣವೂ ವ್ಯಯವಾಯಿತು. ಸಾಲದ ಹೊರೆ ಹೆಚ್ಚಾದಾಗ 1896ರಲ್ಲಿ ಸ್ನೇಹಿತರು ಕಂಪನಿಯೊಂದನ್ನು ಸ್ಥಾಪಿಸಿ ಈ ಆಸ್ತಿಗಳ ಹೊಣೆಯನ್ನು ವಹಿಸಿಕೊಂಡರು.

ಔಟ್‌ಲುಕ್ ಟವರ್

1892ರಲ್ಲಿ ಗೆಡ್ಡೆಸ್ ಕೋಟೆಯ ಬಳಿಯ ಗೋಪುರವೊಂದನ್ನು ಪಡೆದು ಅದಕ್ಕೆ ‘ಔಟ್‌ಲುಕ್ ಟವರ್’ ಎಂದು ಹೆಸರಿಟ್ಟರು. ತುದಿಯಲ್ಲಿದ್ದ ಕ್ಯಾಮೆರಾ ಅಬ್ಸ್‌ಕ್ಯೂರಾ ಎಂಬ ಉಪಕರಣವು ನಗರದ ಬೀದಿಗಳ ಚಲಿಸುವ ಬಿಂಬವನ್ನು ಮೇಜಿನ ಮೇಲೆ ಮೂಡಿಸುತ್ತಿತ್ತು. ಸಂದರ್ಶಕರು ಮೊದಲು ಈ ನೋಟವನ್ನು ಕಂಡು, ನಂತರ ಒಂದೊಂದೇ ಅಂತಸ್ತು ಇಳಿಯುತ್ತ ಎಡಿನ್‌ಬರೋ, ಸ್ಕಾಟ್ಲೆಂಡ್, ಯೂರೋಪ್ ಮತ್ತು ಕೊನೆಗೆ ಜಗತ್ತಿನ ಕುರಿತ ಪ್ರದರ್ಶನಗಳನ್ನು ನೋಡುತ್ತಿದ್ದರು. ನಗರವನ್ನು ಬದಲಾಯಿಸುವ ಮೊದಲು ಅದನ್ನು ಸರಿಯಾಗಿ ನೋಡಲು ಕಲಿಯಬೇಕೆಂಬುದು ಇದರ ಉದ್ದೇಶ. ರೋಗನಿರ್ಣಯದ ನಂತರವೇ ಚಿಕಿತ್ಸೆ ಎಂಬಂತೆ, ಸಮೀಕ್ಷೆಯ ನಂತರವೇ ಯೋಜನೆ ಎಂಬ ಇವರ ತತ್ತ್ವ ನಗರ ಯೋಜನೆಯಲ್ಲಿ ಇಂದಿಗೂ ಪಾಲನೆಯಲ್ಲಿದೆ.

ಇದೇ ಗೋಪುರವನ್ನು ಕೇಂದ್ರವಾಗಿಸಿಕೊಂಡ ಸಮಿತಿಯೊಂದು ಹಳೆಪೇಟೆಯ ಪಾಳುಜಾಗಗಳನ್ನು ಗುರುತಿಸಿ, ಅವುಗಳಲ್ಲಿ ಕೆಲವನ್ನು ಉದ್ಯಾನಗಳಾಗಿ ಪರಿವರ್ತಿಸಿತು. ಓಣಿಯ ಮಕ್ಕಳಿಗೆ ಸುರಕ್ಷಿತವಾಗಿ ಆಡಲು ಸ್ಥಳ ದೊರಕಿಸುವ ಈ ಕಾರ್ಯದಲ್ಲಿ ಗೆಡ್ಡೆಸ್ ಅವರ ಮಗಳು ನೋರಾ ಪ್ರಮುಖ ಪಾತ್ರ ವಹಿಸಿದರು.

ಭಾರತದಲ್ಲಿ

ಆಗಮನ

ನಗರಗಳ ಇತಿಹಾಸ ಮತ್ತು ಯೋಜನೆಯನ್ನು ನಕ್ಷೆ, ಚಿತ್ರಗಳ ಮೂಲಕ ವಿವರಿಸುವ ಗೆಡ್ಡೆಸ್ ಅವರ ಪ್ರದರ್ಶನವು ಲಂಡನ್, ಎಡಿನ್‌ಬರೋ, ಡಬ್ಲಿನ್ ಮುಂತಾದೆಡೆ ಖ್ಯಾತಿ ಗಳಿಸಿತ್ತು. ಮದರಾಸಿನ ಗವರ್ನರ್ ಲಾರ್ಡ್ ಪೆಂಟ್‌ಲ್ಯಾಂಡ್ ಅವರ ಆಹ್ವಾನದ ಮೇರೆಗೆ 1914ರಲ್ಲಿ ಇವರು ಭಾರತಕ್ಕೆ ಹೊರಟರು. ಆದರೆ ಪ್ರದರ್ಶನದ ಸಾಮಗ್ರಿಗಳನ್ನು ಹೊತ್ತಿದ್ದ ‘ಕ್ಲಾನ್ ಗ್ರಾಂಟ್’ ಹಡಗನ್ನು ಜರ್ಮನಿಯ ‘ಎಮ್ಡೆನ್’ ಯುದ್ಧನೌಕೆ ಮುಳುಗಿಸಿತು. ಸ್ನೇಹಿತರು ಹೊಸದಾಗಿ ಸಂಗ್ರಹಿಸಿ ಕಳುಹಿಸಿದ ಸಾಮಗ್ರಿಗಳಿಂದ 1915ರಲ್ಲಿ ಮದರಾಸಿನಲ್ಲಿ ಪ್ರದರ್ಶನ ನಡೆಯಿತು.

ವರದಿಗಳು ಮತ್ತು ಕಾರ್ಯವಿಧಾನ

1915ರಿಂದ 1919ರ ಅವಧಿಯಲ್ಲಿ ಗೆಡ್ಡೆಸ್ ಕನಿಷ್ಠ 18 ಭಾರತೀಯ ನಗರಗಳ ಕುರಿತು ವಿಸ್ತಾರವಾದ ವರದಿಗಳನ್ನು ಬರೆದರು. ಲಖನೌ, ಬರೋಡ, ಲಾಹೋರ್, ಢಾಕಾ, ಬಲರಾಂಪುರ, ಇಂದೋರ್ ಹಾಗೂ ಕಲ್ಕತ್ತೆಯ ಬಡಾಬಜಾರ್ ಪ್ರದೇಶದ ವರದಿಗಳು ಇವುಗಳಲ್ಲಿ ಸೇರಿವೆ. ಪ್ಲೇಗ್ ಭೀತಿಯ ಆ ದಿನಗಳಲ್ಲಿ ದಟ್ಟವಾದ ಪೇಟೆಗಳ ನಡುವೆ ನೇರವಾದ ಅಗಲ ರಸ್ತೆಗಳನ್ನು ಕೊರೆಯುವುದೇ ನೈರ್ಮಲ್ಯದ ಮಾರ್ಗವೆಂದು ಬ್ರಿಟಿಷ್ ಅಧಿಕಾರಿಗಳು ಮತ್ತು ಎಂಜಿನಿಯರುಗಳು ಭಾವಿಸಿದ್ದರು. ಗೆಡ್ಡೆಸ್ ಇದನ್ನು ವಿರೋಧಿಸಿದರು. ಇಂತಹ ರಸ್ತೆಗಳಿಂದ ನೂರಾರು ಕುಟುಂಬಗಳು ಮನೆ ಕಳೆದುಕೊಳ್ಳುತ್ತವೆ, ಅವರು ಸೇರುವ ಕಡೆ ಜನದಟ್ಟಣೆ ಹೆಚ್ಚುತ್ತದೆ, ಬಿಸಿಲಿನ ನಾಡಿನಲ್ಲಿ ಅತಿಯಾದ ಅಗಲ ರಸ್ತೆಗಳು ಧೂಳು ಮತ್ತು ಸೆಕೆಯನ್ನು ತರುತ್ತವೆ ಎಂಬುದು ಇವರ ವಾದ.

ಇದಕ್ಕೆ ಬದಲಾಗಿ ಇವರು ಓಣಿ ಓಣಿಗಳಲ್ಲಿ ನಡೆದಾಡಿ, ಪ್ರತಿಯೊಂದು ಮನೆ, ಬಾವಿ, ಮರ ಮತ್ತು ಗುಡಿಯನ್ನು ನಕ್ಷೆಯಲ್ಲಿ ಗುರುತಿಸುತ್ತಿದ್ದರು. ಬಿದ್ದುಹೋದ ಮನೆಗಳ ನಿವೇಶನಗಳನ್ನು ತೆರವುಗೊಳಿಸಿ ಸಣ್ಣ ಸಣ್ಣ ಬಯಲುಗಳನ್ನು ಮಾಡುವುದು, ಅಲ್ಲಿ ಮರ ನೆಡುವುದು, ಓಣಿ ತೀರ ಇಕ್ಕಟ್ಟಾದ ಕಡೆ ಮಾತ್ರ ಸ್ವಲ್ಪ ಅಗಲಗೊಳಿಸುವುದು ಇವರ ಸಾಮಾನ್ಯ ಸಲಹೆಗಳು. ತಂಜಾವೂರಿನ ಹಳೆಯ ಬಡಾವಣೆಯೊಂದಕ್ಕೆ ಸಿದ್ಧವಾಗಿದ್ದ ನೆಲಸಮದ ಯೋಜನೆಗೆ ಪ್ರತಿಯಾಗಿ, ಹೆಚ್ಚಿನ ಮನೆಗಳನ್ನು ಉಳಿಸಿಕೊಂಡೇ ಕಡಿಮೆ ವೆಚ್ಚದಲ್ಲಿ ಅದೇ ಉದ್ದೇಶವನ್ನು ಸಾಧಿಸಬಹುದೆಂದು ನಕ್ಷೆಗಳ ಮೂಲಕ ತೋರಿಸಿದರು. ಮಲೇರಿಯಾ ಭಯದಿಂದ ಕೆರೆಗಳನ್ನು ಮುಚ್ಚುವುದನ್ನೂ ಇವರು ಒಪ್ಪಲಿಲ್ಲ. ಸ್ವಚ್ಛವಾಗಿಟ್ಟ, ಮೀನುಗಳಿರುವ ಕೆರೆಯು ಸೊಳ್ಳೆಗಳನ್ನು ತಡೆಯುತ್ತದೆ ಮತ್ತು ಪೇಟೆಯನ್ನು ತಂಪಾಗಿಡುತ್ತದೆ ಎಂದು ಪ್ರತಿಪಾದಿಸಿದರು.

ಇಂದೋರಿನ ಮೆರವಣಿಗೆ

ಇಂದೋರಿನಲ್ಲಿ ಕೆಲಸ ಆರಂಭಿಸಿದಾಗ ಜನರು ಗೆಡ್ಡೆಸ್ ಅವರನ್ನು ಸಂಶಯದಿಂದ ನೋಡಿದರು. ನಕ್ಷೆ ಹಿಡಿದ ಅಧಿಕಾರಿ ಬಂದನೆಂದರೆ ಮನೆಗಳು ಉರುಳುತ್ತವೆ ಎಂಬುದು ಅವರ ಅನುಭವವಾಗಿತ್ತು. ಆಗ ಗೆಡ್ಡೆಸ್ ಮಹಾರಾಜರ ಅನುಮತಿ ಪಡೆದು ದೀಪಾವಳಿಯ ಸಂದರ್ಭದಲ್ಲಿ ದೊಡ್ಡ ಮೆರವಣಿಗೆಯೊಂದನ್ನು ಏರ್ಪಡಿಸಿದರು. ಯಾವ ಬೀದಿಯ ಜನ ತಮ್ಮ ಮನೆಗಳನ್ನು ಚೆನ್ನಾಗಿ ಶುಚಿಗೊಳಿಸಿ ದುರಸ್ತಿ ಮಾಡುತ್ತಾರೋ ಆ ಬೀದಿಯಲ್ಲಿ ಮೆರವಣಿಗೆ ಸಾಗುವುದೆಂದು ಸಾರಲಾಯಿತು. ಊರಿನಾದ್ಯಂತ ಗುಡಿಸುವ, ಸುಣ್ಣ ಬಳಿಯುವ ಕೆಲಸ ಭರದಿಂದ ನಡೆದು ದೊಡ್ಡ ಪ್ರಮಾಣದ ಕಸ ಹೊರಬಿದ್ದಿತು. ಮೆರವಣಿಗೆಯಲ್ಲಿ ಕೊಳೆಯ ರಾಕ್ಷಸ ಮತ್ತು ಪ್ಲೇಗಿನ ಇಲಿಯ ಬೃಹತ್ ಪ್ರತಿಕೃತಿಗಳನ್ನು ಒಯ್ದು ಕೊನೆಯಲ್ಲಿ ಸುಡಲಾಯಿತು. ಬೀದಿ ಗುಡಿಸುವ ಪೌರಕಾರ್ಮಿಕರು ಹೊಸ ಬಿಳಿಯ ಉಡುಪು ಧರಿಸಿ, ಹೂಗಳಿಂದ ಅಲಂಕೃತರಾಗಿ ಸಾಗಿದ್ದು ಇದರ ವಿಶೇಷವಾಗಿತ್ತು. ಇಂದೋರ್ ಕುರಿತ ಎರಡು ಸಂಪುಟಗಳ ವರದಿ 1918ರಲ್ಲಿ ಪ್ರಕಟವಾಯಿತು. ಇದು ಇವರ ಭಾರತೀಯ ವರದಿಗಳಲ್ಲಿ ಅತ್ಯಂತ ವಿಸ್ತಾರವಾದುದು.

ಇದೇ ವರ್ಷಗಳು ಇವರ ವೈಯಕ್ತಿಕ ಜೀವನದಲ್ಲಿ ದುಃಖದ ಕಾಲವೂ ಆಗಿದ್ದವು. 1917ರಲ್ಲಿ ಹಿರಿಯ ಮಗ ಅಲಾಸ್ಡೇರ್ ಫ್ರಾನ್ಸಿನ ಯುದ್ಧಭೂಮಿಯಲ್ಲಿ ಹತರಾದರು. ಅದೇ ವರ್ಷ ಪತ್ನಿ ಆನಾ ಕಲ್ಕತ್ತೆಯಲ್ಲಿ ಜ್ವರದಿಂದ ನಿಧನರಾದರು. ಹಾಸಿಗೆ ಹಿಡಿದಿದ್ದ ಪತ್ನಿಗೆ ಗೆಡ್ಡೆಸ್ ಮಗನ ಸಾವಿನ ಸುದ್ದಿಯನ್ನು ತಿಳಿಸಿರಲಿಲ್ಲ.

ಮುಂಬಯಿ ವಿಶ್ವವಿದ್ಯಾಲಯ

1919ರಲ್ಲಿ ಗೆಡ್ಡೆಸ್ ಮುಂಬಯಿ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ಮತ್ತು ಪೌರಶಾಸ್ತ್ರದ ಪ್ರಾಧ್ಯಾಪಕರಾಗಿ ನೇಮಕಗೊಂಡರು. ಇವರ ಶಿಫಾರಸಿನಿಂದ ಇಂಗ್ಲೆಂಡಿನಲ್ಲಿ ಉನ್ನತ ಅಧ್ಯಯನ ಮಾಡಿದ ಜಿ. ಎಸ್. ಘುರ್ಯೆ ಅವರು ಮುಂದೆ ವಿಭಾಗದ ಮುಖ್ಯಸ್ಥರಾದರು. ಮೈಸೂರಿನವರಾದ ಪ್ರಸಿದ್ಧ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ಅವರು ಘುರ್ಯೆ ಅವರ ಶಿಷ್ಯರಾಗಿ ಇದೇ ವಿಭಾಗದಲ್ಲಿ ಅಧ್ಯಯನ ಮಾಡಿದರು. ವಿಜ್ಞಾನಿ ಜಗದೀಶಚಂದ್ರ ಬೋಸ್ ಅವರ ಜೀವನಚರಿತ್ರೆಯನ್ನು ಗೆಡ್ಡೆಸ್ 1920ರಲ್ಲಿ ಪ್ರಕಟಿಸಿದರು. ರವೀಂದ್ರನಾಥ ಠಾಕೂರರೊಡನೆಯೂ ಇವರಿಗೆ ಸ್ನೇಹವಿತ್ತು.

ಟೆಲ್ ಅವೀವ್ ಮತ್ತು ಕೊನೆಯ ದಿನಗಳು

1925ರಲ್ಲಿ ಗೆಡ್ಡೆಸ್ ಟೆಲ್ ಅವೀವ್ ನಗರಕ್ಕೆ ಯೋಜನೆಯನ್ನು ರೂಪಿಸಿದರು. ವಾಹನ ಸಂಚಾರಕ್ಕೆ ಮುಖ್ಯ ರಸ್ತೆಗಳು, ಅವುಗಳ ನಡುವಣ ಬಡಾವಣೆಗಳ ಒಳಗೆ ಮನೆಗಳಿಗಷ್ಟೇ ದಾರಿಯಾಗುವ ಕಿರಿದಾದ ಬೀದಿಗಳು, ನಡುವೆ ಸಾರ್ವಜನಿಕ ತೋಟಗಳು ಇದರ ವಿನ್ಯಾಸ. ಸಂಚಾರದ ದಟ್ಟಣೆಯನ್ನು ಮನೆಬೀದಿಗಳಿಂದ ದೂರವಿಡುವುದರಿಂದ ಅವು ಮಕ್ಕಳಿಗೂ ಪಾದಚಾರಿಗಳಿಗೂ ನಿರ್ಭಯವಾಗಿರುತ್ತವೆ ಎಂಬುದು ಈ ವಿನ್ಯಾಸದ ಒಳತತ್ತ್ವ.

1924ರಲ್ಲಿ ಭಾರತದಿಂದ ತೆರಳಿದ ಗೆಡ್ಡೆಸ್ ಫ್ರಾನ್ಸಿನ ಮಾಂಟ್‌ಪೆಲಿಯೆಯಲ್ಲಿ ‘ಸ್ಕಾಟ್ಸ್ ಕಾಲೇಜ್’ ಎಂಬ ಅಂತರರಾಷ್ಟ್ರೀಯ ವಿದ್ಯಾಸಂಸ್ಥೆಯನ್ನು ಸ್ಥಾಪಿಸಿ ಅಲ್ಲಿಯೇ ನೆಲೆಸಿದರು. ಹಿಂದೊಮ್ಮೆ ನಿರಾಕರಿಸಿದ್ದ ‘ಸರ್’ ಪದವಿಯನ್ನು 1932ರಲ್ಲಿ ಸ್ವೀಕರಿಸಿದರು. ಅದೇ ವರ್ಷ ಏಪ್ರಿಲ್ 17ರಂದು ಮಾಂಟ್‌ಪೆಲಿಯೆಯಲ್ಲಿ ನಿಧನರಾದರು.

ಪ್ರಭಾವ ಮತ್ತು ವಿಮರ್ಶೆ

ಅಮೆರಿಕದ ಚಿಂತಕ ಲೂಯಿಸ್ ಮಮ್‌ಫರ್ಡ್ ಗೆಡ್ಡೆಸ್ ಅವರನ್ನು ಗುರುವಾಗಿ ಸ್ವೀಕರಿಸಿ ಇವರ ವಿಚಾರಗಳನ್ನು ಪ್ರಚುರಪಡಿಸಿದರು. ಒಂದರೊಳಗೊಂದು ಬೆಳೆದು ಸೇರಿಹೋದ ನಗರಗಳ ಸಮೂಹವನ್ನು ಸೂಚಿಸುವ ‘ಕಾನರ್ಬೇಷನ್’ ಎಂಬ ಪದ ಗೆಡ್ಡೆಸ್ ಅವರ ಕೊಡುಗೆ.

ಇವರ ಕಾರ್ಯಕ್ಕೆ ಮಿತಿಗಳೂ ಇದ್ದವು. ಭಾರತದ ವರದಿಗಳಲ್ಲಿ ಅನೇಕವು ಕಾಗದದಲ್ಲಿಯೇ ಉಳಿದವು. ಪ್ರತಿ ಓಣಿಯನ್ನೂ ತಾಳ್ಮೆಯಿಂದ ಪರಿಶೀಲಿಸುವ ಇವರ ವಿಧಾನಕ್ಕಿಂತ ನೇರ ಗೆರೆ ಎಳೆದು ರಸ್ತೆ ಕೊರೆಯುವುದು ಆಡಳಿತಕ್ಕೆ ಸುಲಭವಾಗಿ ಕಂಡಿತು. ರಾಮ್ಸೆ ಗಾರ್ಡನ್ ಬಡವರಿಗಿಂತ ಅನುಕೂಲಸ್ಥರಿಗೇ ಹೆಚ್ಚು ಉಪಯುಕ್ತವಾಯಿತೆಂಬ ಟೀಕೆಯಿದೆ. 1961ರಲ್ಲಿ ಪ್ರಕಟವಾದ ತಮ್ಮ ಪ್ರಸಿದ್ಧ ಕೃತಿಯಲ್ಲಿ ಜೇನ್ ಜೇಕಬ್ಸ್ ಅವರು, ನಗರದ ಜನದಟ್ಟಣೆಯನ್ನು ಚದುರಿಸಲು ಹೊರಟವರ ಸಾಲಿನಲ್ಲಿ ಗೆಡ್ಡೆಸ್ ಅವರನ್ನೂ ಸೇರಿಸಿ ವಿಮರ್ಶಿಸಿದರು. ಆದರೆ ಹಳೆಯ ಕಟ್ಟಡಗಳನ್ನು ಉಳಿಸುವುದು, ಬೀದಿಯ ಸುರಕ್ಷತೆ ಅಲ್ಲಿನ ನಿವಾಸಿಗಳನ್ನೇ ಅವಲಂಬಿಸಿದೆ ಎಂದು ನಂಬುವುದು ಈ ಇಬ್ಬರಲ್ಲಿಯೂ ಕಂಡುಬರುವ ಸಮಾನ ಅಂಶಗಳು.

ಎಡಿನ್‌ಬರೋ ಹಳೆಪೇಟೆ ಮತ್ತು ಹೊಸಪೇಟೆಗಳು 1995ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಗೆಡ್ಡೆಸ್ ಉಳಿಸಿದ ಹಲವು ಅಂಗಳಗಳು ಇಂದಿಗೂ ಜನವಸತಿಯಿಂದ ಕೂಡಿವೆ.

ಪ್ರಮುಖ ಕೃತಿಗಳು

ದಿ ಎವಲ್ಯೂಷನ್ ಆಫ್ ಸೆಕ್ಸ್ (1889, ಜೆ. ಆರ್ಥರ್ ಥಾಮ್ಸನ್ ಅವರೊಡನೆ)
ಸಿಟಿ ಡೆವಲಪ್‌ಮೆಂಟ್ (1904)
ಸಿಟೀಸ್ ಇನ್ ಎವಲ್ಯೂಷನ್ (1915)
ಟೌನ್ ಪ್ಲಾನಿಂಗ್ ಟುವರ್ಡ್ಸ್ ಸಿಟಿ ಡೆವಲಪ್‌ಮೆಂಟ್: ಇಂದೋರ್ ದರ್ಬಾರಿಗೆ ಸಲ್ಲಿಸಿದ ವರದಿ (1918)
ಜಗದೀಶಚಂದ್ರ ಬೋಸ್ ಅವರ ಜೀವನ ಮತ್ತು ಸಾಧನೆ ಕುರಿತ ಗ್ರಂಥ (1920)