ಸಾವಳಗಿಯ ಸುಪುತ್ರ ಶ್ರೀ ಬಿ. ಡಿ. ಜತ್ತಿ

ಸ್ವಂತ ಊರಿನಲ್ಲಿ ಮತ ಕೇಳುವುದು ಸುಲಭವೆಂದು ಹಲವರ ಎಣಿಕೆ. ವಿಚಾರಿಸಿ ನೋಡಿದರೆ ಅದರಷ್ಟು ಕಠಿಣವಾದ ಪರೀಕ್ಷೆ ಮತ್ತೊಂದಿಲ್ಲ. ಪರಊರಿನಿಂದ ಬಂದವನ ಮಾತನ್ನು ಜನರು ಕೇಳುತ್ತಾರೆ. ಊರವನಾದರೋ ಅವನ ಮಾತಿನೊಡನೆ ಅವನ ಮನೆತನ, ಕೊಡುಕೊಳ್ಳುವಿಕೆ, ನಡೆನುಡಿ ಎಲ್ಲವನ್ನೂ ತೂಗಿ ನೋಡುತ್ತಾರೆ. ಇಂತಹ ತಕ್ಕಡಿಯಲ್ಲಿ ಮತ್ತೆ ಮತ್ತೆ ತೂಗಿಸಿಕೊಂಡು, ಅಲ್ಲಿಂದಲೇ ರಾಷ್ಟ್ರದ ಅತ್ಯುನ್ನತ ಪೀಠದವರೆಗೆ ಏರಿದವರು ನಮ್ಮ ಅಥಣಿಗೆ ನೆರೆಯ ಜಮಖಂಡಿ ತಾಲ್ಲೂಕಿನ ಶ್ರೀ ಬಸಪ್ಪ ದಾನಪ್ಪ ಜತ್ತಿಯವರು.

ಜತ್ತಿಯವರು 1912ರ ಸೆಪ್ಟೆಂಬರ್ 10ರಂದು ಸಾವಳಗಿ ಗ್ರಾಮದಲ್ಲಿ ಜನಿಸಿದರು. ಅಂದು ಅಥಣಿಯು ಬ್ರಿಟಿಷರ ಬೆಳಗಾವಿ ಜಿಲ್ಲೆಗೆ ಸೇರಿದ್ದರೆ, ಜಮಖಂಡಿಯು ಪಟವರ್ಧನ ಮನೆತನದ ಅರಸರ ಸಂಸ್ಥಾನವಾಗಿತ್ತು. ನೆರೆಹೊರೆಯ ಊರುಗಳೇ ಬೇರೆ ಬೇರೆ ಆಳ್ವಿಕೆಗೆ ಒಳಪಟ್ಟಿದ್ದ ಕಾಲವದು. ವಿಜಾಪುರದಲ್ಲಿ ಪ್ರೌಢಶಿಕ್ಷಣ ಮುಗಿಸಿದ ಅವರು ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಪದವಿಯನ್ನೂ, ಅಲ್ಲಿಯ ಸೈಕ್ಸ್ ಕಾನೂನು ಕಾಲೇಜಿನಲ್ಲಿ ನ್ಯಾಯಶಾಸ್ತ್ರವನ್ನೂ ಓದಿ, ಜಮಖಂಡಿಗೆ ಹಿಂದಿರುಗಿ ವಕೀಲಿ ವೃತ್ತಿ ಹಿಡಿದರು.

ಅವರ ಸಾರ್ವಜನಿಕ ಜೀವನವು ಆರಂಭವಾದದ್ದು ಊರಿನ ಪುರಸಭೆಯಲ್ಲಿ. 1940ರಲ್ಲಿ ಸದಸ್ಯರಾದರು, 1945ರಲ್ಲಿ ಅಧ್ಯಕ್ಷರಾದರು. ಮುಂದೆ ಸಂಸ್ಥಾನದ ಶಾಸನಸಭೆಗೆ ಆಯ್ಕೆಯಾಗಿ ಮಂತ್ರಿಯಾದರು. 1948ರಲ್ಲಿ ದಿವಾನರ ಹೊಣೆಯನ್ನೂ ಹೊತ್ತರು. ಆ ಪದವಿಯಲ್ಲಿದ್ದುಕೊಂಡೇ ಅವರು ಸಂಸ್ಥಾನದ ವಿಲೀನಕ್ಕೆ ಬೆಂಬಲವಿತ್ತರು. 1948ರ ಮಾರ್ಚ್ 8ರಂದು ಜಮಖಂಡಿಯು ಮುಂಬಯಿ ಪ್ರಾಂತದಲ್ಲಿ ಸೇರಿಹೋದಾಗ ಅವರ ದಿವಾನಗಿರಿಯೂ ಇಲ್ಲವಾಯಿತು. ಜತ್ತಿಯವರು ಮರಳಿ ನ್ಯಾಯಾಲಯದ ಮೆಟ್ಟಿಲೇರಿ ತಮ್ಮ ವೃತ್ತಿಯನ್ನು ಮುಂದುವರಿಸಿದರು. ಕೆಲಕಾಲದ ನಂತರ ವಿಲೀನಗೊಂಡ ಪ್ರದೇಶದ ಪ್ರತಿನಿಧಿಯಾಗಿ ಮುಂಬಯಿ ವಿಧಾನಸಭೆಗೆ ನಾಮಕರಣ ಹೊಂದಿ, ಮುಖ್ಯಮಂತ್ರಿ ಬಿ. ಜಿ. ಖೇರರಿಗೆ ಸಂಸದೀಯ ಕಾರ್ಯದರ್ಶಿಗಳಾದರು.

ನಾಮಕರಣದಿಂದ ದೊರೆತ ಸ್ಥಾನಕ್ಕೂ ಜನರು ಕೊಟ್ಟ ಸ್ಥಾನಕ್ಕೂ ಅಂತರವುಂಟು. ಆ ಎರಡನೆಯದನ್ನು ಗಳಿಸುವ ದಿನ 1952ರ ಮಹಾಚುನಾವಣೆಯೊಡನೆ ಬಂದಿತು. 21 ವರ್ಷ ತುಂಬಿದ ಎಲ್ಲರಿಗೂ, ಹೆಂಗಸರಿಗೂ, ಕೂಲಿಕಾರರಿಗೂ, ಅಕ್ಷರವರಿಯದವರಿಗೂ ಮತದ ಹಕ್ಕು ದೊರೆತಿತ್ತು. ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ. ಪೆಟ್ಟಿಗೆಯ ಮೇಲೆ ಅವರವರ ಚಿಹ್ನೆ. ಮತದಾರನು ಚೀಟಿಯನ್ನು ತನಗೆ ಬೇಕಾದ ಪೆಟ್ಟಿಗೆಯಲ್ಲಿ ಹಾಕಬೇಕು. ಕಾಂಗ್ರೆಸ್ಸಿನ ಚಿಹ್ನೆ ನೊಗ ಹೊತ್ತ ಜೋಡೆತ್ತು. ಆ ಚಿಹ್ನೆಯೊಡನೆ ಜತ್ತಿಯವರು ಜಮಖಂಡಿ ಕ್ಷೇತ್ರದಲ್ಲಿ ನಿಂತು ಗೆದ್ದರು. ಮುಂಬಯಿ ಸರಕಾರದಲ್ಲಿ ಆರೋಗ್ಯ ಹಾಗೂ ಕಾರ್ಮಿಕ ಖಾತೆಗಳ ಉಪಮಂತ್ರಿಗಳಾದರು.

1956ರ ನವೆಂಬರ್ 1ರಂದು ನಮ್ಮ ಸೀಮೆಯು ವಿಶಾಲ ಮೈಸೂರು ರಾಜ್ಯವನ್ನು ಸೇರಿತು. ಐದು ಆಡಳಿತಗಳಿಂದ ಬಂದ ಪ್ರದೇಶಗಳಲ್ಲಿ ಗೇಣಿಯ ಕಾನೂನು ಒಂದೊಂದು ಬಗೆಯಾಗಿತ್ತು. ಇವನ್ನು ಒಂದುಗೂಡಿಸಲು ನೇಮಕವಾದ ಸಮಿತಿಗೆ ಜತ್ತಿಯವರೇ ಅಧ್ಯಕ್ಷರು. 1957ರಲ್ಲಿ ಅವರು ಜಮಖಂಡಿಯಿಂದ ಮತ್ತೆ ಆಯ್ಕೆಯಾಗಿದ್ದರು. 1958ರ ಮೇ 16ರಂದು ಮುಖ್ಯಮಂತ್ರಿಗಳಾಗಿ ಪ್ರಮಾಣವಚನ ಸ್ವೀಕರಿಸಿದರು. ಮುಂಬಯಿ ಕರ್ನಾಟಕದಿಂದ ಆ ಸ್ಥಾನಕ್ಕೇರಿದವರಲ್ಲಿ ಅವರೇ ಮೊದಲಿಗರು.

ಅವರ ಅಧಿಕಾರಾವಧಿಯಲ್ಲಿ ಎರಡು ಮುಖ್ಯ ಶಾಸನಗಳಾದವು. 1959ರ ಗ್ರಾಮ ಪಂಚಾಯಿತಿ ಮತ್ತು ಸ್ಥಳೀಯ ಮಂಡಲಿಗಳ ಕಾಯಿದೆಯು ಹಳ್ಳಿ ಮತ್ತು ತಾಲ್ಲೂಕು ಮಟ್ಟಗಳಲ್ಲಿ ಚುನಾಯಿತ ಸಂಸ್ಥೆಗಳನ್ನು ತಂದಿತು. ಪುರಸಭೆಯಲ್ಲಿ ಪಳಗಿದವರಿಗೆ ಇದರ ಬೆಲೆ ಚೆನ್ನಾಗಿ ತಿಳಿದಿತ್ತು. ಮತ್ತೊಂದು 1961ರ ಭೂಸುಧಾರಣಾ ಕಾಯಿದೆ. ಇದರಲ್ಲಿ ಕೊರತೆಗಳಿದ್ದವೆಂಬುದನ್ನು ಮರೆಮಾಚಬೇಕಾಗಿಲ್ಲ. ಸ್ವಂತ ಸಾಗುವಳಿಯ ಹೆಸರಿನಲ್ಲಿ ಒಡೆಯನು ಭೂಮಿಯನ್ನು ಮರಳಿ ಪಡೆಯಲು ಅವಕಾಶವಿತ್ತು. ಕಾಯಿದೆ ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ರಂದು. ಅಷ್ಟರಲ್ಲಿ ಜಾಣರು ತಮ್ಮ ದಾರಿ ಹುಡುಕಿಕೊಂಡಿದ್ದರು. ಗೇಣಿ ಪದ್ಧತಿಯ ಬೇರು ಕಿತ್ತದ್ದು ದೇವರಾಜ ಅರಸರ ಕಾಲದ 1974ರ ತಿದ್ದುಪಡಿ. ಆದರೂ ರಾಜ್ಯಕ್ಕೆಲ್ಲ ಅನ್ವಯಿಸುವ ಒಂದೇ ಕಾನೂನಿನ ಅಡಿಗಲ್ಲನ್ನು ಜತ್ತಿಯವರ ಸಮಿತಿಯೇ ಇಟ್ಟಿತೆಂಬುದು ನಿರ್ವಿವಾದ.

1962ರ ಚುನಾವಣೆಯು ಊರಿನ ಮತವೆಂದರೇನೆಂಬುದನ್ನು ನಾಡಿಗೆ ತೋರಿಸಿತು. ಹಿರಿಯ ನಾಯಕ ಎಸ್. ನಿಜಲಿಂಗಪ್ಪನವರು ತಮ್ಮ ಜಿಲ್ಲೆಯ ಹೊಸದುರ್ಗದಲ್ಲೇ ಸೋತರು. ಜತ್ತಿಯವರು ಜಮಖಂಡಿಯಲ್ಲಿ ಗೆದ್ದರು. ಆದರೆ ಗೆದ್ದವರಿಗೆ ಮುಖ್ಯಮಂತ್ರಿಯ ಪದವಿ ಉಳಿಯಲಿಲ್ಲ. ಹುನಗುಂದದ ಎಸ್. ಆರ್. ಕಂಠಿಯವರು ಕೆಲ ತಿಂಗಳು ಆ ಸ್ಥಾನದಲ್ಲಿದ್ದರು; ಬಳಿಕ ನಿಜಲಿಂಗಪ್ಪನವರು ಬಾಗಲಕೋಟೆಯಿಂದ ಆಯ್ಕೆಯಾಗಿ ಬಂದು ಮುಖ್ಯಮಂತ್ರಿಗಳಾದರು. ಸುಮಾರು ನಾಲ್ಕು ವರ್ಷ ರಾಜ್ಯವಾಳಿದ್ದ ಜತ್ತಿಯವರು ಅದೇ ಸಂಪುಟದಲ್ಲಿ ಹಣಕಾಸು ಮಂತ್ರಿಗಳಾಗಿ ದುಡಿದರು. ಮೇಲಿನ ಪೀಠದಿಂದ ಇಳಿದು ಕೆಳಗಿನ ಆಸನದಲ್ಲಿ ಕುಳಿತುಕೊಳ್ಳುವುದು ಎಲ್ಲರಿಗೂ ಸಾಧ್ಯವಾಗುವ ಮಾತಲ್ಲ.

1968ರಲ್ಲಿ ಪಾಂಡಿಚೇರಿಯ ಉಪರಾಜ್ಯಪಾಲರಾಗಿ, 1972ರಲ್ಲಿ ಒರಿಸ್ಸಾದ ರಾಜ್ಯಪಾಲರಾಗಿ, 1974ರಲ್ಲಿ ಭಾರತದ ಉಪರಾಷ್ಟ್ರಪತಿಗಳಾಗಿ ಅವರು ಮೇಲೇರಿದರು. 1977ರ ಫೆಬ್ರುವರಿ 11ರಂದು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದರು ನಿಧನರಾಗಲು, ಜುಲೈ 25ರವರೆಗೆ ಹಂಗಾಮಿ ರಾಷ್ಟ್ರಪತಿಗಳಾದರು. ಹಿಂದೆ ಮುಂಬಯಿಯಲ್ಲಿ ತಮಗೆ ಮುಖ್ಯಮಂತ್ರಿಗಳಾಗಿದ್ದ ಮೊರಾರ್ಜಿ ದೇಸಾಯಿಯವರಿಗೆ ಪ್ರಧಾನಮಂತ್ರಿಯ ಪ್ರಮಾಣವಚನ ಬೋಧಿಸಿದವರು ಜತ್ತಿಯವರೇ. ಹೊಸ ಸರಕಾರವು ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸಲು ಸಲಹೆಯಿತ್ತಾಗ ಅವರು ಒಡನೆಯೇ ಸಹಿ ಹಾಕಲಿಲ್ಲ, ಟೀಕೆಗೂ ಗುರಿಯಾದರು. ಕೊನೆಗೆ ಏಪ್ರಿಲ್ 30ರಂದು ಮಂತ್ರಿಮಂಡಲದ ಸಲಹೆಗೆ ತಲೆಬಾಗಿದರು. ಪಕ್ಷಾಭಿಮಾನವೇ ಇದಕ್ಕೆ ಕಾರಣವೆಂದು ಎದುರಾಳಿಗಳು ಬಗೆದರು. ಅದೇನೇ ಇರಲಿ, ಜನರು ಆರಿಸಿದ ಸಭೆಯನ್ನು ಒಂದು ಸಹಿಯಿಂದ ಇಲ್ಲವಾಗಿಸುವ ಮುನ್ನ ಒಮ್ಮೆ ನಿಂತು ಯೋಚಿಸುವುದು ತಪ್ಪಲ್ಲ.

1964ರಲ್ಲಿ ಬೆಂಗಳೂರಿನಲ್ಲಿ ತಾವೇ ಮುಂದಾಗಿ ಸ್ಥಾಪಿಸಿದ ಬಸವ ಸಮಿತಿಯ ಮೂಲಕ ಅವರು ಶರಣರ ವಚನಗಳ ಪ್ರಸಾರಕ್ಕೆ ಶ್ರಮಿಸಿದರು. 2002ರ ಜೂನ್ 7ರಂದು ಇಹಲೋಕವನ್ನು ಬಿಟ್ಟರು.

ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿಗಳಲ್ಲಿ ಚುನಾವಣೆ ಬಂದಾಗಲೆಲ್ಲ ನಮ್ಮವನು ಎಂಬ ಮಾತು ಕೇಳಿಬರುತ್ತದೆ. ನಮ್ಮವನೆಂಬುದು ಒಳ್ಳೆಯ ಮಾತೇ. ಆದರೆ ಅದು ಜಾತಿ, ಓಣಿ, ಬಳಗಗಳಲ್ಲಿ ಮುಗಿದುಹೋಗಬಾರದು. ನಮ್ಮವನಾದ ಕಾರಣಕ್ಕೇ ಅವನನ್ನು ಹೆಚ್ಚು ಕಟ್ಟುನಿಟ್ಟಾಗಿ ತೂಗಬೇಕು. ಗೆದ್ದ ಮೇಲೆ ಅವನು ನಮಗೆ ಮಾತ್ರವಲ್ಲ, ಮತ ಕೊಡದವರಿಗೂ ಸಲ್ಲಬೇಕು. ಸಾವಳಗಿಯ ಸುಪುತ್ರನ ಬಾಳು ನಮಗೆ ಕಲಿಸುವ ಪಾಠವಿದು. ನಮ್ಮ ಯುವಕ ಯುವತಿಯರು ಮತಚೀಟಿಯನ್ನು ಕೈಗೆತ್ತಿಕೊಳ್ಳುವ ಮುನ್ನ ಇದನ್ನು ನೆನೆಯಲಿ.