ದಿನಕರ ದೇಸಾಯಿ ಮತ್ತು ಹತ್ತಿರದ ಕಾಲೇಜು

ಪಿಯುಸಿ ಫಲಿತಾಂಶ ಬಂತೆಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಮನೆಗಳಲ್ಲಿ ಒಂದೇ ಚರ್ಚೆ: ಬಿ.ಎಸ್ಸಿ. ಓದಲು ಮಕ್ಕಳನ್ನು ಎಲ್ಲಿಗೆ ಕಳಿಸುವುದು? ಧಾರವಾಡ, ಮಂಗಳೂರು, ಬೆಂಗಳೂರುಗಳ ಹೆಸರು ಮೊದಲು ಕೇಳಿಬರುತ್ತದೆ. ಸಮೀಪದ ಕಾಲೇಜಿನ ಸರದಿ ಕೊನೆಗೆ. ಇಂಥ ಆಯ್ಕೆಯೇ ಇಲ್ಲದಿದ್ದ ಕಾಲವನ್ನು ನೆನೆದಾಗ ನನಗೆ ದಿನಕರ ದೇಸಾಯಿಯವರ ಬದುಕು ನೆನಪಾಗುತ್ತದೆ.

ನಾಡು ಅವರನ್ನು ಚುಟುಕು ಬ್ರಹ್ಮನೆಂದು ಬಲ್ಲದು. ಆದರೆ ಅವರ ದೊಡ್ಡ ಕೃತಿಗಳು ಕಾಗದದ ಮೇಲಿಲ್ಲ. 1909ರಲ್ಲಿ ಅಂಕೋಲಾ ಸೀಮೆಯಲ್ಲಿ ಅವರು ಹುಟ್ಟಿದಾಗ ಉತ್ತರ ಕನ್ನಡವು ಮುಂಬಯಿ ಪ್ರಾಂತದ ಅಂಚಿನ ಜಿಲ್ಲೆ. ಧಾರವಾಡದ ಕರ್ನಾಟಕ ಕಾಲೇಜು ಆರಂಭವಾದದ್ದೇ 1917ರಲ್ಲಿ. ಬಾಲಕ ದಿನಕರ ಬೆಂಗಳೂರು, ಮೈಸೂರುಗಳಿಗೆ ಹೋಗಿ ಓದಬೇಕಾಯಿತು, ಎಂ.ಎ. ಮತ್ತು ಕಾನೂನು ಪದವಿಗಳಿಗೆ ಮುಂಬಯಿ.

ವಕೀಲರಾಗಿ ಸುಖವಾಗಿರಬಹುದಿತ್ತು. ಅವರು ಗೋಖಲೆಯವರು 1905ರಲ್ಲಿ ಸ್ಥಾಪಿಸಿದ್ದ ಭಾರತ ಸೇವಕ ಸಮಾಜವನ್ನು ಸೇರಿ, ಹಡಗು ಕಾರ್ಮಿಕರ ನಡುವೆ ದುಡಿದರು. ಪ್ರಾಥಮಿಕ ಶಿಕ್ಷಣದ ಬಗ್ಗೆ ಅಧ್ಯಯನ ಗ್ರಂಥ ಬರೆದರು. ಜಿಲ್ಲೆಯ ಗೇಣಿದಾರರನ್ನು ಸಂಘಟಿಸಿದ್ದಕ್ಕೆ 1940ರಲ್ಲಿ ಗಡಿಪಾರಾಗಿ, ಐದು ವರ್ಷ ತಮ್ಮ ಜಿಲ್ಲೆಗೇ ಕಾಲಿಡದಂತಾದರು.

1953ರಲ್ಲಿ ಅವರು ಕೆನರಾ ವೆಲ್ಫೇರ್ ಟ್ರಸ್ಟ್ ಕಟ್ಟಿದರು. ಊರೂರಿಗೆ ಪ್ರೌಢಶಾಲೆಗಳು ಬಂದವು. ಕುಮಟೆಯಲ್ಲಿ 1949ರಲ್ಲೇ ಕಾಲೇಜೊಂದು ತೆರೆದಿತ್ತು. ಗೋಖಲೆಯವರ ಜನ್ಮಶತಾಬ್ದಿಯ ವರ್ಷವಾದ 1966ರಲ್ಲಿ ಟ್ರಸ್ಟ್ ಅಂಕೋಲೆಯಲ್ಲಿ ಗೋಖಲೆ ಶತಾಬ್ದಿ ಕಾಲೇಜನ್ನು ಸ್ಥಾಪಿಸಿತು. ಮರುವರ್ಷ ಜನ ಅವರನ್ನು ಪಕ್ಷೇತರರಾಗಿ ಲೋಕಸಭೆಗೆ ಕಳಿಸಿದರು. 1982ರಲ್ಲಿ ತೀರಿಕೊಂಡರು.

ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನನಗೆ ಈ ಕೆಲಸದ ಮೌಲ್ಯ ಕಾಣುವುದು ಮನೆಯ ಖರ್ಚಿನ ಲೆಕ್ಕದಲ್ಲಿ. ಕಲಾ ಪದವಿಯನ್ನು ಮನೆಯಲ್ಲೇ ಓದಿ ಪಡೆಯಬಹುದು. ವಿಜ್ಞಾನಕ್ಕೆ ಪ್ರಯೋಗಾಲಯ ಬೇಕು, ದಿನವೂ ಅಲ್ಲಿರಬೇಕು. ಆದ್ದರಿಂದ ದೂರದ ಪೆಟ್ಟು ಹೆಚ್ಚಾಗಿ ಬೀಳುವುದು ವಿಜ್ಞಾನದ ವಿದ್ಯಾರ್ಥಿಗೆ. ಪರ ಊರಿನಲ್ಲಿ ಬೋಧನಾ ಶುಲ್ಕಕ್ಕಿಂತ ಕೋಣೆ ಬಾಡಿಗೆ, ಊಟದ ವೆಚ್ಚವೇ ಭಾರ. ಎರಡೆಕರೆ ತೋಟದ ಮನೆಯಲ್ಲಿ ಅಷ್ಟು ಹಣ ಒಬ್ಬರಿಗೆ ಮಾತ್ರ ಹೊಂದಿದಾಗ, ಹಿಂದೆ ಉಳಿಯುತ್ತಿದ್ದವಳು ಬಹುಮಟ್ಟಿಗೆ ಮಗಳೇ.

ಇಂದು ಶಿರಸಿಯಲ್ಲಿ ಎಂ.ಎಂ. ಕಲಾ ಮತ್ತು ವಿಜ್ಞಾನ ಕಾಲೇಜಿದೆ, ಸಿದ್ದಾಪುರದಲ್ಲಿ ಎಂ.ಜಿ.ಸಿ. ಕಾಲೇಜಿದೆ. ಯಲ್ಲಾಪುರದವರಿಗೆ ಅರಬೈಲ್ ಘಟ್ಟ ಇಳಿದರೆ ಅಂಕೋಲೆ. ಹಾಗೆಂದು ಹತ್ತಿರದ್ದೆಲ್ಲ ಒಳ್ಳೆಯದೆಂದು ನಾನು ವಾದಿಸಲಾರೆ. ಮಗುವಿಗೆ ಬೇಕಾದ ವಿಷಯ ಇಲ್ಲಿ ಇಲ್ಲದಿದ್ದರೆ ಹೊರಗೆ ಹೋಗುವುದೇ ಸರಿ. ಆದರೆ ಹೋಗುವ ಮುನ್ನ ಪಾಲಕರು ಒಂದು ದಿನ ಸಮೀಪದ ಕಾಲೇಜಿಗೆ ಹೋಗಿ ಪ್ರಯೋಗಾಲಯ ನೋಡಲಿ, ಕಾಯಂ ಅಧ್ಯಾಪಕರೆಷ್ಟು ಎಂದು ಕೇಳಲಿ, ಹಳೆಯ ವಿದ್ಯಾರ್ಥಿಗಳನ್ನು ವಿಚಾರಿಸಲಿ. ನಗರದ ಕಾಲೇಜಿಗೂ ಇವೇ ಪ್ರಶ್ನೆಗಳು ಅನ್ವಯಿಸಲಿ.

ಅನುಕೂಲಸ್ಥರೆಲ್ಲ ಹೊರಟುಹೋದರೆ ತರಗತಿ ತೆಳುವಾಗುತ್ತದೆ. ತೆಳುವಾದ ತರಗತಿಗೆ ಅಧ್ಯಾಪಕರನ್ನು ಕೊಡಲು ಸರ್ಕಾರ ಹಿಂಜರಿಯುತ್ತದೆ. ಕೊನೆಗೆ ವಿಭಾಗ ಮುಚ್ಚಿದಾಗ ನಷ್ಟ ಹೋದವರಿಗಲ್ಲ, ಹೋಗಲಾರದವರಿಗೆ. ದೇಸಾಯಿಯವರು ಕಾಲೇಜು ಕಟ್ಟಿದ್ದು ಅವರಿಗಾಗಿಯೇ.