ಗಡ್ಡೆಯೋ ಗರ್ಭವೋ ಎಂದು ತಿಳಿದ ವೈದ್ಯ: ಎಫ್ರಾಯಿಂ ಮೆಕ್‌ಡೊವೆಲ್

ಹೊಟ್ಟೆ ಕೊಯ್ದರೆ ರೋಗಿ ಉಳಿಯುವುದಿಲ್ಲವೆಂದು ವೈದ್ಯರೇ ನಂಬಿದ್ದ ಕಾಲವೊಂದಿತ್ತು. ಅಂಡಾಶಯದಲ್ಲಿ ದೊಡ್ಡ ಗಡ್ಡೆ ಬೆಳೆದ ಹೆಂಗಸರಿಗೆ ಆಗ ಸಾವಿನ ದಾರಿ ಕಾಯುವುದೊಂದೇ ಉಳಿದಿತ್ತು. ಆ ನಂಬಿಕೆಯನ್ನು ಮುರಿದವರು ಅಮೆರಿಕದ ಸಣ್ಣ ಊರೊಂದರ ವೈದ್ಯ ಎಫ್ರಾಯಿಂ ಮೆಕ್‌ಡೊವೆಲ್.

1771ರ ನವೆಂಬರ್ 11ರಂದು ವರ್ಜೀನಿಯಾದಲ್ಲಿ ಹುಟ್ಟಿದ ಅವರು ಬಾಲ್ಯದಲ್ಲೇ ಕೆಂಟಕಿಯ ಡ್ಯಾನ್‌ವಿಲ್‌ಗೆ ಬಂದರು. ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಜಾನ್ ಬೆಲ್ ಎಂಬ ಶಸ್ತ್ರವೈದ್ಯರಲ್ಲಿ ಕಲಿತು, ಪದವಿ ಪಡೆಯದೆಯೇ 1795ರಲ್ಲಿ ಊರಿಗೆ ಮರಳಿ ವೃತ್ತಿ ಆರಂಭಿಸಿದರು.

1809ರ ಡಿಸೆಂಬರಿನಲ್ಲಿ 60 ಮೈಲು ದೂರದಿಂದ ಕರೆ ಬಂತು. ಜೇನ್ ಟಾಡ್ ಕ್ರಾಫರ್ಡ್ ಎಂಬ ನಡುವಯಸ್ಸಿನ ಗೃಹಿಣಿಗೆ ದಿನ ತುಂಬಿದರೂ ಹೆರಿಗೆಯಾಗಿಲ್ಲವೆಂಬುದು ಅಲ್ಲಿಯವರ ಆತಂಕ. ಪರೀಕ್ಷಿಸಿದ ಮೆಕ್‌ಡೊವೆಲ್, ಅದು ಗರ್ಭವಲ್ಲ, ಅಂಡಾಶಯದ ಗಡ್ಡೆ ಎಂದು ತಿಳಿಸಿದರು. ಶಸ್ತ್ರಕ್ರಿಯೆಯಿಂದ ಪ್ರಾಣಕ್ಕೇ ಅಪಾಯವಿದೆ ಎಂಬುದನ್ನೂ ಮರೆಮಾಚಲಿಲ್ಲ. ಆಕೆ ಒಪ್ಪಿ, ಚಳಿಯಲ್ಲಿ ಕುದುರೆಯೇರಿ ಡ್ಯಾನ್‌ವಿಲ್‌ಗೆ ಬಂದಳು.

ಅರಿವಳಿಕೆ ಇನ್ನೂ ಬಂದಿರಲಿಲ್ಲ. ಕ್ರಿಸ್ಮಸ್ ದಿನ ವೈದ್ಯರ ಮನೆಯಲ್ಲೇ, ಸುಮಾರು 25 ನಿಮಿಷಗಳಲ್ಲಿ, 10 ಕಿಲೋ ತೂಕದ ಗಡ್ಡೆ ಹೊರಬಂತು. ಐದನೆಯ ದಿನ ನೋಡಹೋದಾಗ ಆಕೆ ತನ್ನ ಹಾಸಿಗೆಯನ್ನು ತಾನೇ ಸರಿಪಡಿಸುತ್ತಿದ್ದಳು! 25 ದಿನಗಳಲ್ಲಿ ಮನೆಗೆ ಮರಳಿ, 1842ರ ವರೆಗೆ ಬದುಕಿದಳು.

1817ರಲ್ಲಿ ಮೆಕ್‌ಡೊವೆಲ್ ಈಕೆಯೂ ಸೇರಿ ಮೂವರ ಚಿಕಿತ್ಸೆಯ ವರದಿ ಪ್ರಕಟಿಸಿದರು. ಉಳಿದಿಬ್ಬರು ಕಪ್ಪು ಜನಾಂಗದ ಹೆಂಗಸರು. ಅವರ ಹೆಸರು ವರದಿಯಲ್ಲಿಲ್ಲ. ಅನೇಕ ವೈದ್ಯರು ವರದಿಯನ್ನು ನಂಬಲೇ ಇಲ್ಲ. 1830ರ ಜೂನ್ 25ರಂದು, ತೀವ್ರ ಹೊಟ್ಟೆನೋವಿನಿಂದ ನರಳಿ, ಮೆಕ್‌ಡೊವೆಲ್ ತೀರಿಕೊಂಡರು.

ಅಂಡಾಶಯದ ನೀರುಗುಳ್ಳೆ, ಅಂದರೆ ಸಿಸ್ಟ್, ಎಂದೊಡನೆ ಇಂದು ಹೆದರಬೇಕಾಗಿಲ್ಲ. ಹೆಚ್ಚಿನವು ನಿರಪಾಯ, ಹಲವು ಕೆಲವು ತಿಂಗಳಲ್ಲಿ ತಾವೇ ಇಲ್ಲವಾಗುತ್ತವೆ. ಸ್ಕ್ಯಾನಿಂಗ್ ಮಾಡಿದರೆ ವಿಷಯ ತಿಳಿಯುತ್ತದೆ. ಆದರೆ ಕಿಬ್ಬೊಟ್ಟೆಯಲ್ಲಿ ಹಠಾತ್ತನೆ ತೀವ್ರ ನೋವು, ನೋವಿನೊಡನೆ ವಾಂತಿ, ಜ್ವರ ಅಥವಾ ತಲೆಸುತ್ತು ಬಂದರೆ ಗುಳ್ಳೆ ಒಡೆದಿರಬಹುದು, ಅಂಡಾಶಯ ತಿರುಚಿಕೊಂಡಿರಬಹುದು. ಕೂಡಲೇ ಆಸ್ಪತ್ರೆಗೆ ಹೋಗಬೇಕು. ವಾರಗಟ್ಟಲೆ ಹೊಟ್ಟೆ ಉಬ್ಬರ, ತುಸು ಉಂಡೊಡನೆ ಹೊಟ್ಟೆ ತುಂಬುವುದು, ಪದೇ ಪದೇ ಮೂತ್ರ ಬರುವುದು ಇದ್ದರೆ, ಮುಟ್ಟು ನಿಂತವರಂತೂ, ತಡಮಾಡದೆ ವೈದ್ಯರಿಗೆ ತೋರಿಸಬೇಕು. ವಾಯು, ವಯಸ್ಸು ಎಂದು ಸುಮ್ಮನಿರುವುದು, ನಾಚಿಕೆಯಿಂದ ಮುಚ್ಚಿಡುವುದು ಸರಿಯಲ್ಲ.

ಆ ತಾಯಿ ಕುದುರೆಯ ಮೇಲೆ 60 ಮೈಲು ಬಂದಳು. ನಮಗೆ ಆಸ್ಪತ್ರೆ ಅಷ್ಟು ದೂರವಿಲ್ಲ.